ಕ್ರೈಸ್ತ ದೇವಾಲಯದಲ್ಲಿ ಕನ್ನಡದ ಹಾಡು

ಪೂಜೆಗೆ ಇಂಥದೇ ಹೂವು ಬೇಕೆಂಬ ನಿಯಮವಿಲ್ಲ, ಭಕ್ತಿಯೊಂದಿದ್ದರೆ ಸಾಕು ಎಂದು ಹೇಳುವ ಹಿರಿಯರು ಎಲ್ಲ ಮತಗಳಲ್ಲಿಯೂ ಉಂಟು. ಹಾಡಿನ ವಿಷಯದಲ್ಲಿ ಮಾತ್ರ ಅಷ್ಟು ಸುಲಭವಾಗಿ ಹೇಳಿದವರನ್ನು ನಾನು ಕಾಣೆ. ಹೂವು ಸಂಜೆಗೆ ಬಾಡುತ್ತದೆ. ಹಾಡು ನಾಲಗೆಯ ಮೇಲೆ ಉಳಿಯುತ್ತದೆ. ಉಪದೇಶಕನು ಕಳೆದ ಭಾನುವಾರ ಏನು ಹೇಳಿದನೆಂಬುದನ್ನು ಮರೆತ ಮನುಷ್ಯನೂ ಅಂದು ಹಾಡಿದ ಪದವನ್ನು ಹೊಲದಲ್ಲಿ ಕಳೆ ಕೀಳುವಾಗ ಗುನುಗುತ್ತಾನೆ. ವಾರ ವಾರವೂ ಹಾಡಿ ಹಾಡಿ, ಹತ್ತು ವರ್ಷಗಳಲ್ಲಿ ಆ ಪದವೇ ಅವನ ನಂಬಿಕೆಯ ಮಾತಾಗಿಬಿಡುತ್ತದೆ. ಹೀಗಿರುವಾಗ ದೇವಾಲಯದಲ್ಲಿ ಹಾಡನ್ನು ಆರಿಸುವವನ ಹೊಣೆ ಉಪಾಧ್ಯಾಯನ ಹೊಣೆಗಿಂತ ಕಡಿಮೆಯದಲ್ಲ. ಆದರೂ ಎಷ್ಟೋ ಕಡೆ ಈ ಕೆಲಸ ಭಾನುವಾರ ಬೆಳಿಗ್ಗೆ, ಚಪ್ಪಲಿ ಬಿಡುವ ಹೊತ್ತಿನಲ್ಲಿ, ನಿಂತ ನಿಲುವಿನಲ್ಲಿಯೇ ಮುಗಿಯುತ್ತದೆ ಎಂದು ಕೇಳಿದ್ದೇನೆ.

ನಾನು ಕ್ರೈಸ್ತಮತದವನಲ್ಲ. ಈ ವಿಷಯ ನನ್ನ ಬಳಿಗೆ ಬಂದದ್ದು ಕನ್ನಡದ ಬಾಗಿಲಿನಿಂದ. ಯಲಬುರ್ಗಾ ಕಡೆಯ ಹಳ್ಳಿಯೊಂದರಲ್ಲಿ ಇಪ್ಪತ್ತೈದು ಮೂವತ್ತು ಮನೆಗಳ ಒಂದು ಚಿಕ್ಕ ಸಭೆ ಉಂಟು. ಅಲ್ಲಿ ಹಾಡು ಹೇಳಿಸುವವನು ನನ್ನ ಹಳೆಯ ವಿದ್ಯಾರ್ಥಿ. ಕಳೆದ ವರ್ಷ ತಪಸ್ಸುಕಾಲಕ್ಕೆ ಮುಂಚೆ ಆತನು ಒಂದು ಕಾಗದದ ಕಟ್ಟನ್ನು ತಂದು ನನ್ನ ಮೇಜಿನ ಮೇಲಿಟ್ಟನು. ಯೇಸುವಿನ ಯಾತನೆಯ ವಾರದಲ್ಲಿ ಹಾಡಲು ನಲವತ್ತಕ್ಕೆ ಮೇಲ್ಪಟ್ಟು ಹಾಡುಗಳನ್ನು ಕೂಡಿಸಿ ಒಂದು ಪುಸ್ತಿಕೆ ಮಾಡುವ ಹವಣಿಕೆ. 'ಕನ್ನಡವನ್ನಷ್ಟು ತಿದ್ದಿಕೊಡಿ' ಎಂದು ಅವನ ಕೋರಿಕೆ. ಕಟ್ಟನ್ನು ಬಿಚ್ಚಿ ನೋಡಿದರೆ ಅದರಲ್ಲಿ ಮೂರು ಬಗೆಯ ಹಾಡುಗಳಿದ್ದವು. ಬೆಟಗೇರಿಯ ನೆಂಟಸ್ತಿಕೆಯಿಂದ ಬಂದ ಹಳೆಯ ಸಭಾಗೀತೆಗಳು ಕೆಲವು. ಚಲಚ್ಚಿತ್ರದ ಧಾಟಿಗೆ ಹೊಸ ಮಾತು ಕೂರಿಸಿದವು ಹನ್ನೆರಡು. ಉಳಿದವು ಊರಿನ ತರುಣರೇ ಕಟ್ಟಿದವು. ಧಾಟಿಯನ್ನು ಕೇಳದೆ ಮಾತನ್ನು ತಿದ್ದುವುದು ಸಾಧ್ಯವಿರಲಿಲ್ಲ. ಆದ್ದರಿಂದ ಮೂರು ಸಂಜೆ ಅವರ ಊರಿಗೇ ಹೋಗಿ ಕುಳಿತೆ.

ಮೊದಲು ಹಳೆಯ ಗೀತೆಗಳ ವಂಶಾವಳಿಯನ್ನು ಹೇಳಬೇಕು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅನಂತರ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದುಗಿನ ಮಗ್ಗುಲ ಬೆಟಗೇರಿ, ಹೀಗೆ ಮೂಡಲಿಗೆ ಸರಿದರು. ಆಚೆ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದಲೇ ನೆಲೆಯೂರಿದ್ದನು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಅಂದು ನಿಜಾಮನ ಸೀಮೆ. ಕೊಪ್ಪಳವಂತೂ ಸಾಲಾರಜಂಗರ ಜಹಗೀರು. ಕುಷ್ಟಗಿಗೆ ಸಮೀಪದ ಮುದಗಲ್ಲಿನಲ್ಲಿ ಆದಿಲಶಾಹಿಯ ಕಾಲದಷ್ಟು ಹಳೆಯ ಕ್ಯಾಥೊಲಿಕ್ ಒಕ್ಕಲು ಇದೆಯಾದರೂ ಅವರ ದಾರಿ ಬೇರೆ. ನಮ್ಮ ಕಡೆಯ ಕೆಲವು ಸುಧಾರಿತ ಸಭೆಗಳಿಗೆ ಹಾಡು ಬಂದದ್ದು ಬೆಟಗೇರಿಯಿಂದ, ಸೊಸೆಯಾಗಿ ಬಂದ ಹೆಣ್ಣುಮಕ್ಕಳ ಬಾಯಲ್ಲಿ.

ಆ ಗೀತೆಗಳಲ್ಲಿ ಬಹುಪಾಲು ಜರ್ಮನ್ ಭಾಷೆಯಿಂದ ಕನ್ನಡಕ್ಕೆ ತಂದವು; ಧಾಟಿಯೂ ಜರ್ಮನಿಯದೇ. ಇಲ್ಲಿಯೇ ತೊಡಕಿರುವುದು. ಕನ್ನಡ ಪದ್ಯದ ಲಯವು ಅಕ್ಷರದ ಕಾಲಪ್ರಮಾಣವನ್ನು ಆಶ್ರಯಿಸಿದ್ದು: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಜರ್ಮನ್ ಪದ್ಯದ ಲಯವಾದರೋ ಅಕ್ಷರದ ಮೇಲೆ ಬೀಳುವ ಒತ್ತನ್ನು ಆಶ್ರಯಿಸಿದ್ದು. ಕೋರಾಲ್ ಎಂದು ಕರೆಯುವ ಅವರ ಸಭಾಗೀತೆಯ ಧಾಟಿಯು ಸಾಮಾನ್ಯವಾಗಿ ಒಂದು ಅಕ್ಷರಕ್ಕೆ ಒಂದು ಸ್ವರವನ್ನು ಸಮಪ್ರಮಾಣದಲ್ಲಿ ಹಂಚಿ, ಗಂಭೀರವಾಗಿ, ನಿಧಾನವಾಗಿ ನಡೆಯುತ್ತದೆ. ಅದರೊಳಗೆ ಕನ್ನಡವನ್ನು ಕೂರಿಸಿದರೆ ಹ್ರಸ್ವ ದೀರ್ಘಗಳ ಭೇದವೇ ಅಳಿಸಿಹೋಗುತ್ತದೆ. 'ಕೊಡು' ಎಂಬ ಬೇಡಿಕೆ 'ಕೋಡು' ಆಗುತ್ತದೆ. 'ಬಿಡು' ಎಂಬುದು 'ಬೀಡು' ಆಗುತ್ತದೆ. ದೇವರೆದುರಿಗೆ ನಿಂತು ಶಾಂತಿಯನ್ನು ಬೇಡುವವನು ದನದ ಕೊಂಬನ್ನು ಬೇಡಿದಂತಾಗುತ್ತದೆ. ನಮ್ಮ ಜನಪದ ಗೀತೆಗಳಲ್ಲಿಯೂ ಅಕ್ಷರವನ್ನು ಎಳೆಯುವುದಿಲ್ಲವೆ ಎಂದು ಕೇಳಬಹುದು. ಎಳೆಯುತ್ತಾರೆ; ಆದರೆ ಎಳೆಯಬಹುದಾದ ಎಡೆಯನ್ನು ಅರಿತು, ಗಣದ ಕೊನೆಯಲ್ಲಿ, ಅರ್ಥಕ್ಕೆ ಧಕ್ಕೆ ತಾರದ ಒಂದು 'ಏ'ಕಾರದಲ್ಲಿಯೋ 'ಓ'ಕಾರದಲ್ಲಿಯೋ ಎಳೆಯುತ್ತಾರೆ.

ಇನ್ನೊಂದು ತೊಡಕು ಸಾಲಿನ ಆರಂಭದ್ದು. ಎಷ್ಟೋ ಜರ್ಮನ್ ಧಾಟಿಗಳು ಒತ್ತಿಲ್ಲದ ಒಂದು ಸ್ವರದಿಂದ ತೊಡಗಿ, ಎರಡನೆಯದರ ಮೇಲೆ ಒತ್ತನ್ನು ಇಡುತ್ತವೆ. ಕನ್ನಡದ ಮಾತು ತನ್ನ ಮೊದಲ ಅಕ್ಷರದ ಮೇಲೆಯೇ ಕಾಲೂರಿ ನಿಲ್ಲುವಂಥದು. ಛಂದಸ್ಸನ್ನು ಓದಿದ ವಿದ್ಯಾರ್ಥಿಗಳು ಇಲ್ಲಿ ಪದ್ಮಗಣವನ್ನು ನೆನೆಯಬಹುದು: ಸಾಲಿನ ಲಯ ತೊಡಗುವುದಕ್ಕೆ ಮುಂಚೆ ಹೊರಗೆ ನಿಲ್ಲುವ ಅಕ್ಷರಗಳು ಅವು. ಹಳೆಯ ಸಭಾಗೀತೆಗಳ ಅನುವಾದಕರಲ್ಲಿ ಕೆಲವರು ಆ ಎಡೆಯಲ್ಲಿ 'ಓ' ಎಂಬ ಸಂಬೋಧನೆಯನ್ನಿಟ್ಟು ಪಾರಾದರು. ಕೆಲವರಿಗೆ ಅದು ಹೊಳೆಯಲಿಲ್ಲ. 1926ರಲ್ಲಿ ಅಚ್ಚಾದ ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಮಾತ್ರಾಗಣಗಳ ಹೊಸ ಜೋಡಣೆಯಿಂದ ಪರಭಾಷೆಯ ಭಾವಗೀತವನ್ನು ಕನ್ನಡಕ್ಕೆ ಒಗ್ಗಿಸಿದ್ದನ್ನು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಆದರೆ ಶ್ರೀಯವರು ಮೂಲದ ಧಾಟಿಗೆ ಕಟ್ಟುಬಿದ್ದವರಲ್ಲ, ಭಾವವನ್ನು ತಂದರೆ ಸಾಕಾಗಿತ್ತು. ಮಿಷನರಿಗೆ ಆ ಸ್ವಾತಂತ್ರ್ಯ ಎಲ್ಲಿಯದು? ಸ್ವರಗಳ ಲೆಕ್ಕ ಮೊದಲೇ ಗೊತ್ತಾಗಿಬಿಟ್ಟಿತ್ತು. ಅಷ್ಟೇ ಅಕ್ಷರಗಳಲ್ಲಿ ಸತ್ಯವೇದದ ತಾತ್ಪರ್ಯವನ್ನೂ ಕೆಡಿಸದೆ ಹೇಳಬೇಕಾಗಿತ್ತು. ಶ್ರೀನಿವಾಸ ಹಾವನೂರರು 1974ರಲ್ಲಿ 'ಹೊಸಗನ್ನಡದ ಅರುಣೋದಯ'ವನ್ನು ಬರೆದ ಮೇಲೆ ಮಿಷನರಿಗಳ ಕನ್ನಡವನ್ನು ನಾವು ಗೌರವದಿಂದ ನೋಡಲು ಕಲಿತಿದ್ದೇವೆ. ಅವರ ಗೀತೆಗಳನ್ನು ಹಾಡಿ ನೋಡುವ ಕೆಲಸ ಮಾತ್ರ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಇನ್ನೂ ಸಾಲದು.

ವಿಚಿತ್ರವೆಂದರೆ, ಕನ್ನಡದ ಧಾಟಿಯನ್ನು ಈ ಜನ ಅರಿಯದವರಲ್ಲ. ದಾಸರ ಪದಗಳನ್ನು ಸಂಗ್ರಹಿಸಿ 1850ರ ಸುಮಾರಿಗೆ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವನು ಹೆರ್ಮನ್ ಮೋಗ್ಲಿಂಗ್. ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿದವನು ಫರ್ಡಿನೆಂಡ್ ಕಿಟ್ಟೆಲ್. ಅದಕ್ಕೂ ಮುಂಚೆ, 1862ರಲ್ಲಿ, ಆತನೇ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ' ಎಂಬ ಹೆಸರಿನಿಂದ ಹೆಣೆದಿದ್ದನು. ವಾರದ ಆರು ದಿನ ದಾಸರ ಪದವನ್ನೂ ನಾಗವರ್ಮನನ್ನೂ ಓದಿದ ಮಿಷನ್ನು ಏಳನೆಯ ದಿನ ಕೋರಾಲನ್ನೇ ಏಕೆ ಹಿಡಿದುಕೊಂಡಿತು? ತಿರಸ್ಕಾರವೆಂದು ಹೇಳಿ ಮುಗಿಸುವುದು ಸುಲಭ. ನನಗೆ ಕಾಣುವುದು ಭಯ. ದಾಸರ ಧಾಟಿಯನ್ನು ಒಳಗೆ ಬರಗೊಟ್ಟರೆ ಅದರ ಬೆನ್ನಿಗೆ ವಿಠಲನೂ ಒಳಗೆ ಬಂದಾನು ಎಂಬ ಭಯ. ನೆರೆಯ ನಾಡುಗಳಲ್ಲಿ ಈ ಭಯವನ್ನು ಮೀರಿದವರುಂಟು. ತಂಜಾವೂರಿನ ವೇದನಾಯಗಂ ಶಾಸ್ತ್ರಿಯವರು (1774–1864) ತಮಿಳು ಕೀರ್ತನೆಗಳಿಗಾಗಿ ಹೊಸ ಮಿಷನರಿಗಳೊಡನೆ ಜಗಳವಾಡಿದರು. ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರು (1861–1919) ಅಭಂಗವನ್ನೂ ಕೀರ್ತನವನ್ನೂ ಕ್ರೈಸ್ತ ಸಭೆಗೆ ತಂದರು.

ಆದರೆ ಆ ಭಯವನ್ನು ಹುಚ್ಚೆಂದು ನಗಲಾರೆ. ಧಾಟಿಗೆ ನೆನಪು ಉಂಟು. ಸಂತ ಅಗಸ್ಟೀನನು ತನ್ನ ಆತ್ಮನಿವೇದನೆಯ ಹತ್ತನೆಯ ಪುಸ್ತಕದಲ್ಲಿ ಇದೇ ತೊಳಲಾಟವನ್ನು ತೋಡಿಕೊಂಡಿದ್ದಾನೆ: ಹಾಡಿದ ವಸ್ತುವಿಗಿಂತ ಹಾಡೇ ತನ್ನನ್ನು ಹೆಚ್ಚು ಅಲುಗಿಸಿದಾಗ ಅದು ಅವನಿಗೆ ಪಾಪವೆಂದು ತೋರುತ್ತದೆ, ಹಾಗೆಂದು ಹಾಡನ್ನೇ ಬಿಡಲೂ ಮನಸ್ಸೊಪ್ಪುವುದಿಲ್ಲ, ಏಕೆಂದರೆ ದೇವಾಲಯದ ಹಾಡಿಗೆ ತಾನು ಸುರಿಸಿದ ಕಣ್ಣೀರು ನೆನಪಿದೆ. 1903ರ ನವೆಂಬರ್ 22ರಂದು ಹತ್ತನೆಯ ಪಯಸ್ ಪೋಪರು ಹೊರಡಿಸಿದ ಆಜ್ಞೆಯಲ್ಲಿ, ಇಟಲಿಯ ನಾಟಕಶಾಲೆಯ ಸಂಗೀತ ದೇವಾಲಯವನ್ನು ಹೊಕ್ಕದ್ದನ್ನು ಕಟುವಾಗಿ ಖಂಡಿಸಿ, ಪಿಯಾನೊವನ್ನೂ ಗದ್ದಲದ ವಾದ್ಯಗಳನ್ನೂ ನಿಷೇಧಿಸಿದರು. ಲೂಥರನು ಮಧುಪಾನದ ಮನೆಯ ಹಾಡುಗಳನ್ನೆತ್ತಿ ಸ್ತೋತ್ರ ಮಾಡಿದನೆಂಬ ದಂತಕಥೆಯನ್ನು ನಮ್ಮ ತರುಣರು ಬಹಳ ಉತ್ಸಾಹದಿಂದ ಹೇಳುತ್ತಾರೆ. ನಡೆದದ್ದು ಬೇರೆ. ಕ್ರಿಸ್ತಜಯಂತಿಯ ಒಂದು ಗೀತೆಗೆ ಆತನು ಲೌಕಿಕ ಹಾಡೊಂದರ ಧಾಟಿಯನ್ನು ಇಟ್ಟದ್ದು ನಿಜ, ಅದು 1535ರಲ್ಲಿ. 1539ರ ಹೊತ್ತಿಗೆ ಅದನ್ನು ತೆಗೆದು ಹೊಸ ಧಾಟಿಯನ್ನೇ ಕೊಟ್ಟದ್ದೂ ಅಷ್ಟೇ ನಿಜ.

ಈ ಮಾತಿಗೆ ವಿರುದ್ಧವಾದ ಒಂದು ನಿದರ್ಶನವನ್ನೂ ಮರೆಯಕೂಡದು. ಹಾನ್ಸ್ ಲಿಯೊ ಹಾಸ್ಲರ್ ಎಂಬ ಸಂಗೀತಗಾರನು 1601ರಲ್ಲಿ ಪ್ರಕಟಿಸಿದ ಒಂದು ಪ್ರಣಯಗೀತೆಯ ಧಾಟಿ, ಅದೇ ಶತಮಾನದಲ್ಲಿ, ಶಿಲುಬೆಯ ಮೇಲಿನ ಕ್ರಿಸ್ತನ ಗಾಯಗೊಂಡ ಶಿರಸ್ಸನ್ನು ಕುರಿತ ಗೀತೆಗೆ ಅಳವಟ್ಟಿತು. 1727ರಲ್ಲಿ ಮೊದಲು ಹಾಡಿಸಿದನೆನ್ನುವ ಮತ್ತಾಯನ ಯಾತನಾಗೀತದಲ್ಲಿ ಬಾಖನು ಅದನ್ನು ಮತ್ತೆ ಮತ್ತೆ ತಂದಿದ್ದಾನೆ. ಇಂದು ಅದನ್ನು ಕೇಳುವವರಲ್ಲಿ ಎಷ್ಟು ಜನಕ್ಕೆ ಆ ಪ್ರಣಯಿನಿಯ ನೆನಪಾದೀತು? ಕಾಲವು ಧಾಟಿಯನ್ನು ತೊಳೆಯುತ್ತದೆ. ಆದರೆ ತೊಳೆಯಲು ಕಾಲ ಬೇಕು. ನನ್ನ ಮುಂದಿದ್ದ ಹನ್ನೆರಡು ಹಾಡುಗಳ ಧಾಟಿಗಳು ಹೋದ ಮದುವೆಯ ಹಂಗಾಮಿನಲ್ಲಿ ಊರೂರಿನ ಧ್ವನಿವರ್ಧಕಗಳಲ್ಲಿ ಮೊಳಗಿದಂಥವು. ಅವುಗಳಲ್ಲೊಂದು ಗೆತ್ಸೆಮನೆಯ ತೋಟದಲ್ಲಿ ಯೇಸು ಬೆವರಿದ ಸನ್ನಿವೇಶದ ಹಾಡು. ಅದನ್ನು ಹಾಡಿ ತೋರಿಸುವಾಗ ಹಾಡುವ ಹುಡುಗನ ತುಟಿಯಂಚಿನಲ್ಲಿ ನಗು ಮೂಡಿತು, ಕೇಳುತ್ತಿದ್ದ ಹುಡುಗಿಯರೂ ತಲೆ ಬಗ್ಗಿಸಿ ನಕ್ಕರು. ನಾನೇನೂ ಹೇಳಬೇಕಾಗಲಿಲ್ಲ. ಧಾರ್ಮಿಕ ವಿಧಿಯ ಸಂದರ್ಭದಲ್ಲಿ ಹಾಡನ್ನು ಹಾಡುವುದಕ್ಕೆ 1957ರ ಹಕ್ಕುಸ್ವಾಮ್ಯದ ಕಾಯಿದೆ ವಿನಾಯಿತಿ ಕೊಟ್ಟಿದೆ, ಇದರಲ್ಲಿ ತಪ್ಪೇನು ಎಂದು ಒಬ್ಬನು ವಾದಿಸಿದನು. ಕಾಯಿದೆಯ ಮಾತು ಸರಿ. ಹಾಡುವವನಿಗೇ ನಗು ಬರುವ ಹಾಡಿಗೆ ಕಾಯಿದೆ ಏನು ಮಾಡೀತು? ಹನ್ನೆರಡೂ ಹೊರಗೆ ಉಳಿದವು.

ಹಾಗಾದರೆ ಒಳಗೆ ಬರಬೇಕಾದದ್ದು ಯಾವುದು? 'ನಮ್ಮ ದೇಶದ ಸಂಗೀತ' ಎಂದು ಥಟ್ಟನೆ ಉತ್ತರ ಹೇಳುವವರುಂಟು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಅಂಗೀಕರಿಸಿದ ಆರಾಧನಾ ಸಂವಿಧಾನದಲ್ಲಿ, ಆಯಾ ಜನಾಂಗದ ಸ್ವಂತ ಸಂಗೀತ ಸಂಪ್ರದಾಯಕ್ಕೆ ತಕ್ಕ ಗೌರವ ಸಲ್ಲಬೇಕೆಂದು ವಿಧಿಸಿತು. ಬೆಂಗಳೂರಿನಲ್ಲಿ 1967ರಲ್ಲಿ ಡಿ. ಎಸ್. ಅಮಲೋರ್ಪವದಾಸರು ಕಟ್ಟಿದ ರಾಷ್ಟ್ರೀಯ ಕೇಂದ್ರವು ಈ ದಿಕ್ಕಿನಲ್ಲಿ ಬಹಳ ದುಡಿಯಿತು. ಆರತಿ, ಅಂಜಲಿ, ನೆಲದ ಮೇಲೆ ಕುಳಿತು ಪೂಜಿಸುವುದು ಮುಂತಾದ ಹನ್ನೆರಡು ಅಂಶಗಳಿಗೆ 1969ರಲ್ಲಿ ರೋಮಿನ ಒಪ್ಪಿಗೆ ದೊರೆಯಿತು. ಆದರೆ 'ನಮ್ಮ' ಎಂದರೆ ಯಾರ? ಮದುರೆಯ ದೇವತಾಶಾಸ್ತ್ರ ವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಜೆ. ಥಿಯೊಫಿಲಸ್ ಅಪ್ಪಾವು (1940–2005) ಈ ಪ್ರಶ್ನೆಯನ್ನು ನೇರವಾಗಿ ಎತ್ತಿದರು. ಕರ್ನಾಟಕ ಸಂಗೀತದ ಕೀರ್ತನೆ ದೇಶೀಯವಾದರೂ ಮೇಲುವರ್ಗದ್ದು, ದಲಿತ ಕ್ರೈಸ್ತನಿಗೆ ಅದು ಕೋರಾಲಿನಷ್ಟೇ ಪರಕೀಯ ಎಂದು ಹೇಳಿ, ಪರೆಯ ವಾದ್ಯವನ್ನೂ ಹೊಲಗದ್ದೆಯ ಧಾಟಿಗಳನ್ನೂ ಆರಾಧನೆಗೆ ತಂದರು.

ನಮ್ಮ ಪುಸ್ತಿಕೆಯ ಸಭೆಯಲ್ಲಿಯೂ ಇದೇ ಪ್ರಶ್ನೆ ಎರಡನೆಯ ಸಂಜೆ ಹಲಗೆಯ ರೂಪದಲ್ಲಿ ಎದ್ದಿತು. ತರುಣರಿಗೆ ಹಲಗೆ ಬೇಕು. 'ತೊಗಲು ಹದ ಮಾಡಿದವರು ನಾವು, ನಾದವೂ ನಮ್ಮದೇ' ಎಂಬುದು ಅವರ ಮಾತು. ಗೋಡೆಗೆ ಒರಗಿ ಕುಳಿತಿದ್ದ ಒಬ್ಬ ಮುದುಕರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ನುಡಿದರು: 'ಊರಾಗ ಯಾರು ಸತ್ರೂ ಬಾ ಅಂದ್ರ ನಮ್ಮಪ್ಪ ಉಂಡ ಕೈ ತೊಳೀದ ಓಡಿದ್ದ, ಹಲಗಿ ಬಡಿಯಾಕ. ಇಲ್ಲೂ ಬಡೀರಿ ಅಂತೀರೇನು?' ಆ ಮೇಲೆ ಯಾರೂ ಮಾತಾಡಲಿಲ್ಲ. ಗ್ರಂಥಗಳಲ್ಲಿ ಅಪ್ಪಾವು ಅವರ ವಾದವನ್ನು ಓದಿ ಒಪ್ಪಿದ್ದ ನನಗೆ, ವಾದ್ಯವೊಂದು ಒಂದೇ ಮನೆಯಲ್ಲಿ ಮಗನಿಗೆ ಬಿಡುಗಡೆಯೂ ತಂದೆಗೆ ಬಿಟ್ಟಿಯ ನೆನಪೂ ಆಗಿರಬಲ್ಲುದೆಂಬುದು ಅಂದು ಕಣ್ಣಿಗೆ ಕಂಡಿತು. ಇಂಥಲ್ಲಿ ಹೊರಗಿನವನ ಶಿಫಾರಸಿಗೆ ಬೆಲೆಯಿಲ್ಲ.

ಹಾರ್ಮೋನಿಯಂ ವಿಷಯದಲ್ಲಿ ಯಾರಿಗೂ ತಕರಾರಿರಲಿಲ್ಲ. ಅದು 'ನಮ್ಮದು' ಎಂದೇ ಎಲ್ಲರೂ ತಿಳಿದಿದ್ದರು. ಪ್ಯಾರಿಸಿನಲ್ಲಿ 1842ರಲ್ಲಿ ಸನ್ನದು ಪಡೆದ ಆ ಪೆಟ್ಟಿಗೆಯನ್ನು ಭಾರತೀಯ ಸಂಗೀತಕ್ಕೆ ಹೊಂದದೆಂದು ಆಕಾಶವಾಣಿ 1940ರಲ್ಲಿ ಹೊರಗೆ ಹಾಕಿ, ಮೂರು ದಶಕಗಳ ಮೇಲೆ ಒಳಗೆ ಕರೆದುಕೊಂಡಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳ ಪುಣ್ಯದಿಂದ ನಮ್ಮ ಸೀಮೆಯ ಭಜನಾಮಂಡಳಿಗಳಲ್ಲಿ ಅದಿಲ್ಲದ ಊರಿಲ್ಲ. ಪರಕೀಯವು ಸ್ವಕೀಯವಾಗುವುದು ಹೀಗೆ, ಯಾರ ಠರಾವೂ ಇಲ್ಲದೆ. ತಕರಾರು ಇದ್ದದ್ದು ಹೊಸದಾಗಿ ಕೊಂಡ ವಿದ್ಯುತ್ ಕೀಲಿಮಣೆಯ ಬಗೆಗೆ, ಅದೂ ಶ್ರುತಿಯನ್ನು ಕುರಿತು. ತರುಣನೊಬ್ಬನು ತನ್ನ ಕಂಠಕ್ಕೆ ಒಪ್ಪುವ ಶ್ರುತಿಯನ್ನಿಟ್ಟು ಧ್ವನಿವರ್ಧಕದಲ್ಲಿ ಹಾಡಿದರೆ ಹೆಂಗಸರೂ ಮುದುಕರೂ ಬಾಯಿ ಮುಚ್ಚಿ ಕೂರುತ್ತಿದ್ದರು. ಸಭೆಯು ಶ್ರೋತೃವೃಂದವಾಗಿಬಿಟ್ಟಿತ್ತು. ಅಲ್ಲಿಯ ಹೆಂಗಸರು ಇದನ್ನು ಬಹು ಸರಳವಾಗಿ ಹೇಳಿದರು: 'ಅವ್ರು ಹಾಡ್ತಾರ, ನಾವು ಕೇಳ್ತೀವಿ.' ಎರಡು ಸ್ವರ ಇಳಿಸಿದ ಮೇಲೆ ಅವರೂ ಹಾಡಿದರು. ಆರಿಸುವುದೆಂದರೆ ಹಾಡನ್ನಷ್ಟೇ ಆರಿಸುವುದಲ್ಲವಲ್ಲ, ಶ್ರುತಿಯನ್ನೂ ಆರಿಸಬೇಕು.

ಮೂರನೆಯ ಸಂಜೆ ತರುಣರ ಸ್ವಂತ ರಚನೆಗಳನ್ನು ಹಾಡಿಸಿದೆವು. ಬಹುಪಾಲು ಪತ್ರಿಕಾಭಾಷೆಯ ಶುಷ್ಕ ಪದ್ಯಗಳು. ಆದರೆ ಎರಡು ಹಾಡುಗಳು ನನ್ನನ್ನು ಎಚ್ಚರಿಸಿದವು. ಒಂದು, ಶಿಲುಬೆಯ ಕೆಳಗೆ ನಿಂತ ಮರಿಯಳ ಪ್ರಲಾಪ. ಬರೆದವಳು ಹತ್ತನೆಯ ತರಗತಿಯವರೆಗೆ ಓದಿದ ಒಬ್ಬ ಗೃಹಿಣಿ. ಅವಳು ಅದನ್ನು ತ್ರಿಪದಿಯಲ್ಲಿ ಕಟ್ಟಿದ್ದಳು, ತ್ರಿಪದಿಯೆಂಬ ಹೆಸರು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅತ್ತೆ ಬೀಸುವಾಗ ಹಾಡುತ್ತಿದ್ದ ಧಾಟಿ ಅದು. ಮೊದಲ ನುಡಿ ಮುಗಿಯುವುದರೊಳಗೆ ಕುಳಿತಿದ್ದ ಹೆಂಗಸರೆಲ್ಲ ಮೂರನೆಯ ಸಾಲನ್ನು ಎತ್ತಿಕೊಂಡು ತಿರುಗಿ ಹಾಡಿದರು. ಹಾಳೆ ಯಾರ ಕೈಯಲ್ಲಿಯೂ ಇರಲಿಲ್ಲ. ನನಗೆ ಉತ್ತಂಗಿ ಚನ್ನಪ್ಪನವರು (1881–1962) ನೆನಪಾದರು. ಬಾಸೆಲ್ ಮಿಷನ್ನಿನ ಈ ಪಾದ್ರಿಯೇ ಅಲ್ಲವೆ ಸರ್ವಜ್ಞನ ತ್ರಿಪದಿಗಳನ್ನು ಅರಸಿ ಕೂಡಿಸಿ 1924ರಲ್ಲಿ ಪ್ರಕಟಿಸಿದವರು, 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು.

ಇನ್ನೊಂದು ಹಾಡು ರಿವಾಯತಿನ ಧಾಟಿಯದು. ಮೊಹರಮ್ಮಿನ ದಿನಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಸೇನ್ ಹುಸೇನರ ಕಥೆಯನ್ನು ಹಾಡುವ ರಿವಾಯತಿನ ಮೇಳಗಳನ್ನು ಈ ಸೀಮೆಯವರಿಗೆ ಪರಿಚಯಿಸಬೇಕಾಗಿಲ್ಲ. ಮುದಗಲ್ಲಿನ ಮೊಹರಮ್ಮನ್ನಂತೂ ನಾಡೇ ಬಲ್ಲದು. ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಅರಬಸ್ತಾನದಾಚೆಯ ಮರುಭೂಮಿಯಲ್ಲಿ ನೀರಿಲ್ಲದೆ ಮಡಿದ ಒಬ್ಬ ಧರ್ಮವೀರನ ದುಃಖವನ್ನು ಕನ್ನಡದ ಒಕ್ಕಲಿಗನು ತನ್ನ ಮನೆಯ ಸಾವಿನಂತೆ ಅಳುತ್ತ ಹಾಡಬಲ್ಲನಾದರೆ, 'ಬಾಯಾರಿದೆ' ಎಂದು ಶಿಲುಬೆಯ ಮೇಲೆ ನುಡಿದವನ ಕಥೆಗೆ ಆ ಧಾಟಿ ಒಗ್ಗದೆ ಇದ್ದೀತೆ? ಒಗ್ಗಿತು. ಮಾತು ಎಲ್ಲಿಯೂ ಮುರಿಯಲಿಲ್ಲ, 'ಕೊಡು' ಎಂಬುದು 'ಕೊಡು' ಎಂದೇ ಕೇಳಿಸಿತು. ಒಬ್ಬ ಹಿರಿಯರು ಮಾತ್ರ, ಇದು ಮೊಹರಮ್ಮಿನ ಹಾಡಾಯಿತಲ್ಲ, ನಾಳೆ ಆ ಕಡೆಯವರು ಏನೆಂದುಕೊಂಡಾರು ಎಂದು ಶಂಕಿಸಿದರು. ಯೋಗ್ಯವಾದ ಶಂಕೆ. ಊರಿನ ರಿವಾಯತಿನ ಮೇಳದ ಮುಖ್ಯಸ್ಥರನ್ನು ಕೇಳಿಯೇ ಪುಸ್ತಿಕೆಗೆ ಸೇರಿಸುವುದೆಂದಾಯಿತು. ಅವರು ಕೇಳಿ, ತಾಳ ಒಂದು ಕಡೆ ತಪ್ಪಿದೆಯೆಂದು ಹೇಳಿ, ಅದನ್ನು ತಾವೇ ತಿದ್ದಿಕೊಟ್ಟರಂತೆ.

ಹಳೆಯ ಸಭಾಗೀತೆಗಳ ಗತಿ ಏನಾಯಿತೆಂದು ವಾಚಕರು ಕೇಳಬಹುದು. ತರುಣರಿಗೆ ಅವು ಬೇಡವಾಗಿದ್ದವು. ಅವರ ಆಕ್ಷೇಪಣೆಗೆ ನನ್ನ ಛಂದಶ್ಶಾಸ್ತ್ರದ ಬೆಂಬಲವೂ ದೊರೆತಂತಾಗಿತ್ತು. ಆದರೆ ಆ ಊರಿನಲ್ಲಿ ಎಂಬತ್ತು ದಾಟಿದ ಒಬ್ಬ ತಾಯಿ ಇದ್ದಾರೆ, ಬೆಟಗೇರಿಯಿಂದ ಸೊಸೆಯಾಗಿ ಬಂದವರು, ಅಕ್ಷರ ಬಾರದವರು. ಗಂಡನನ್ನೂ ಇಬ್ಬರು ಮಕ್ಕಳನ್ನೂ ಮಣ್ಣಿಗೆ ಕೊಟ್ಟಾಗ ಅವರು ಹಾಡಿದ್ದು ಅದೇ 'ಕೋಡು' ಇರುವ ಗೀತೆಯನ್ನು. ಅವರ ಬಾಯಲ್ಲಿ ಅದನ್ನು ಕೇಳಿದೆ. ಜರ್ಮನಿಯ ಆ ಸಮಪ್ರಮಾಣದ ಸ್ವರಗಳನ್ನು ಈ ತಾಯಿ, ಯಾರೂ ಹೇಳಿಕೊಡದೆ, ಎಲ್ಲಿ ಲಘುವೋ ಅಲ್ಲಿ ಕಿರಿದಾಗಿಸಿ, ಉಳಿದ ಕಾಲವನ್ನು ಪಕ್ಕದ ಗುರುವಿಗೆ ಕೊಟ್ಟು, ನಡುವೆ ಒಂದು ತೆಳುವಾದ ಗಮಕವನ್ನು ಬೆರೆಸಿ ಹಾಡುತ್ತಿದ್ದರು. ಪುಸ್ತಕದಲ್ಲಿ ಮುರಿದಿದ್ದ ಕನ್ನಡ ಅವರ ಕಂಠದಲ್ಲಿ ಎಂದೋ ನೆಟ್ಟಗಾಗಿತ್ತು. ಆ ಏಳು ಗೀತೆಗಳನ್ನು ಅವರು ಹಾಡುವ ರೀತಿಯಲ್ಲಿಯೇ ಇಡಬೇಕೆಂದು ನಾನು ಒತ್ತಿ ಹೇಳಿದೆ. ನನ್ನ ವಿದ್ಯಾರ್ಥಿ ಈಗ ಭಾನುವಾರದ ಮಧ್ಯಾಹ್ನಗಳಲ್ಲಿ ಅವರ ಬಳಿ ಕುಳಿತು ಅವನ್ನು ಕಲಿಯುತ್ತಿದ್ದಾನೆ, ಧ್ವನಿಮುದ್ರಿಸಿಯೂ ಇಟ್ಟುಕೊಂಡಿದ್ದಾನೆ.

ಪುಸ್ತಿಕೆ ಇಪ್ಪತ್ತಾರು ಹಾಡುಗಳದಾಗಿ ಅಚ್ಚಾಯಿತು. ಶುಭ ಶುಕ್ರವಾರದಂದು ಯಾವ ವಾದ್ಯವನ್ನೂ ನುಡಿಸಬಾರದೆಂದು ಎಲ್ಲರೂ ಒಪ್ಪಿದರು. ಹಾರ್ಮೋನಿಯಮ್ಮಿಗೆ ಬಟ್ಟೆ ಹೊದಿಸಿಟ್ಟು ಬರಿಯ ಕಂಠದಿಂದ ಹಾಡಿದರಂತೆ. ಹಲಗೆಯ ಮಾತು ಇನ್ನೂ ತೀರ್ಮಾನವಾಗಿಲ್ಲ. ಪುನರುತ್ಥಾನದ ಬೆಳಗಿನ ಜಾವ ಗುಡಿಯ ಒಳಗಲ್ಲ, ಹೊರಗೆ, ಬಾಗಿಲ ಮುಂದೆ ಬಾರಿಸಬಹುದೆ ಎಂದು ತರುಣರು ಕೇಳಿದ್ದಾರೆ. ಮುದುಕರು ಒಲ್ಲೆನೆಂದು ಹೇಳಿಲ್ಲ. 'ಬಾರಿಸೋರು ಯಾರು, ಹೆಸರು ಹೇಳ್ರಿ' ಎಂದಿದ್ದಾರೆ.